ಸಲಾಲದ ಮಳೆ ಓದಿ ಬಂದವನು

ಸಲಾಲ, ಓಮನ್
20 ಆಗಸ್ಟ್ 1996

ಲೋ ರುದ್ರೇಶ,

ಬದುಕಿದ್ದೀನಿ. ನೀನೂ ಬದುಕಿದ್ದೀಯ ಅಂತ ಮೊನ್ನೆ ಪೋಸ್ಟಲ್ಲಿ ಬಂದ ‘ಕೂಡುದಾರಿ’ ನೋಡಿ ಗೊತ್ತಾಯ್ತು. ನಿನ್ನ ವಾರಪತ್ರಿಕೆ ಇಲ್ಲಿಗೆ ಬರೋ ಹೊತ್ತಿಗೆ ಅದರಲ್ಲಿರೋ ಸುದ್ದಿಗೆ ಮೀಸೆ ಮೂಡಿರುತ್ತೆ. ಆದರೂ ಒಂದಕ್ಷರ ಬಿಡದೆ ಓದ್ತೀನಿ. ಶಿವಮೊಗ್ಗದ ಗಾಂಧಿ ಬಜಾರಲ್ಲಿ ಯಾವ ಅಂಗಡಿಯವನು ಸೀರೆಗೆ ರಿಯಾಯಿತಿ ಕೊಟ್ಟಿದ್ದಾನೆ ಅನ್ನೋದು ಇಲ್ಲಿ ಬಂದರಿನ ವರ್ಕ್‌ಶಾಪಲ್ಲಿ ಕ್ರೇನ್ ರಿಪೇರಿ ಮಾಡೋ ನನಗೆ ಬಾಯಿಪಾಠ.

ಹೋದ ತಿಂಗಳು ಇಲ್ಲಿನ ಮಳೆಗಾಲದ ಬಗ್ಗೆ ಬರೆದದ್ದು ಹಾಕಿದ್ದೀಯ. ‘ಅರಬ್ಬರ ಮಲೆನಾಡು’ ಅಂತ ತಲೆಬರಹ ಬೇರೆ. ಚೆನ್ನಾಗಿದೆ. ಆದರೆ ನಾನು ಬರೆದ ಬಾಲ ಎಲ್ಲಿ ಮಾರಾಯ? ಗುಡ್ಡದ ಈಚೆ ಮಂಜು, ಹುಲ್ಲು, ತುಂತುರು ಮಳೆ ಎಲ್ಲಾ ನಿಜ. ಗುಡ್ಡ ದಾಟಿದರೆ ಬರೀ ಬೆಂಗಾಡು ಅಂತಲೂ ಬರೆದಿದ್ದೆ. ನಮ್ಮ ಕ್ಯಾಂಪಿನ ರೂಮಲ್ಲಿ ಮಂಚದ ಮೇಲೆ ಮಂಚ ಹಾಕಿ ಮಲಗ್ತೀವಿ ಅಂತ ಬರೆದಿದ್ದೆ. ಪಾಸ್‌ಪೋರ್ಟ್ ಯಜಮಾನನ ಬೀರುವಿನಲ್ಲಿರುತ್ತೆ, ತಾಯಿ ಸತ್ತರೂ ಕೇಳಿ ಹೊರಡಬೇಕು ಅಂತ ಬರೆದಿದ್ದೆ. ನೀನು ಮಳೆ ಇಟ್ಟುಕೊಂಡು ಮಿಕ್ಕಿದ್ದೆಲ್ಲಾ ಬಿಸಾಕಿದ್ದೀಯ.

ಜನ ನನ್ನದನ್ನ ಪ್ರವಾಸ ಕಥನ ಅಂತಾರಂತೆ. ನಗು ಬರುತ್ತೆ. ಆರು ವರ್ಷದಲ್ಲಿ ನಾನು ನೋಡಿರೋದು ಕ್ಯಾಂಪಿನಿಂದ ಬಂದರಿಗೆ ಹೋಗೋ ರಸ್ತೆ. ಆ ಗುಡ್ಡಕ್ಕೆ ಹೋಗಿದ್ದು ಒಂದೇ ಸಲ, ಅದೂ ಪಿಕಪ್ಪಿನ ಹಿಂದೆ ನಿಂತು. ಅದನ್ನೇ ಎಳೆದೂ ಎಳೆದೂ ಬರೀತೀನಿ. ಯಾಕೆ ಅಂದ್ರೆ ವಾರವಿಡೀ ನನ್ನ ಬಾಯಲ್ಲಿರೋದು ಹರಕು ಹಿಂದಿ, ಮುರುಕು ಅರಬ್ಬಿ. ಮನೇಲಿ ಆಡಿದ್ದು ದಖನಿ ಉರ್ದು. ಕನ್ನಡ ಕೊಟ್ಟಿದ್ದು ಭದ್ರಾವತಿಯ ಸರ್ಕಾರಿ ಶಾಲೆ. ಶುಕ್ರವಾರ ರಜದಲ್ಲಿ ಪೆನ್ನು ಹಿಡಿದಾಗಲೇ ನಾನು ಪೂರಾ ಮನುಷ್ಯ ಆಗೋದು. ಆವಾಗ ಮಳೆ ಬಗ್ಗೆ ಬರೆಯೋಣ ಅನಿಸುತ್ತೆಯೇ ಹೊರತು ಮಂಚದ ಬಗ್ಗೆ ಅಲ್ಲ. ಅದು ನನ್ನ ತಪ್ಪೇ ಇರಬಹುದು.

ಇನ್ನೊಂದು ಮಾತು, ಇದು ಪತ್ರಿಕೆಗಲ್ಲ. ನಮ್ಮ ಗೆಳೆಯ ಹಿರಿಯಣ್ಣ ಇಲ್ಲಿಗೆ ಬರೋಕೆ ಏಜೆಂಟಿನ ಹಿಂದೆ ಅಲೀತಿದ್ದಾನೆ ಅಂತ ಅಮ್ಮ ಯಾರ ಕೈಲೋ ಬರೆಸಿದ್ದಾಳೆ. ನ್ಯೂ ಟೌನಿನ ಲೇತ್ ಶೆಡ್ ಮುಚ್ಚಿದ ಮೇಲೆ ಅವನಿಗೆ ಕೆಲಸ ಇಲ್ಲ ಅಂತ ಗೊತ್ತು. ನಾವಿಬ್ಬರೂ ಅಲ್ಲೇ ಒಟ್ಟಿಗೆ ಕೆಲಸ ಕಲಿತವರು. ಅವನು ಬರಬಾರದು ರುದ್ರೇಶ. ನಾನು ಬಂದ ಕಾಲ ಬೇರೆ, ನನಗೆ ಸಿಕ್ಕ ಕಂಪನಿ ಬೇರೆ. ಈಗ ಬರೋರನ್ನ ಎಲ್ಲಿ ಒಯ್ದು ಹಾಕ್ತಾರೋ ದೇವರಿಗೇ ಗೊತ್ತು. ಬೈದಾದರೂ ತಡಿ.

ನಿನ್ನ
ಅಬ್ಬಾಸ್ ಅಲಿ

*

ರವೀಂದ್ರನಗರ, ಶಿವಮೊಗ್ಗ
10 ಸೆಪ್ಟೆಂಬರ್ 1996

ಅರಬ್ ದೇಶದ ಆಸ್ಥಾನ ಲೇಖಕರಿಗೆ ಅಡ್ಡಬಿದ್ದೆ.

ಬಾಲ ಕತ್ತರಿಸಿದ್ದು ನಾನೇ. ಜಾಗ ಇರಲಿಲ್ಲ. ಇನ್ನೂ ನಿಜ ಬೇಕು ಅಂದ್ರೆ, ನಿನ್ನ ಅಂಕಣದ ಕೆಳಗೆ ಆ ಫಾರಿನ್ ಏಜೆಂಟ್ ವಾರ ವಾರ ಜಾಹೀರಾತು ಕೊಡ್ತಾನೆ. ‘ಅಬ್ಬಾಸ್ ಅಲಿಯವರ ಲೇಖನದ ಪಕ್ಕವೇ ಬರಲಿ’ ಅಂತ ಕೇಳಿ ಹಾಕಿಸ್ಕೊಳ್ತಾನೆ. ಅವನ ಜಾಹೀರಾತಿನ ತಲೆ ಮೇಲೆ ನಿನ್ನ ಮಂಚ, ಬೀರು ಎಲ್ಲಾ ಕೂರಿಸಿದ್ರೆ ಮುಂದಿನ ವಾರ ಪತ್ರಿಕೆಗೆ ಕಾಗದ ಯಾರು ಕೊಡ್ತಾರೆ? ಅಲ್ಲದೆ, ಜನ ಅಳೋದಕ್ಕೆ ಪೇಪರ್ ಕೊಳ್ಳಲ್ಲ ಕಣೋ. ಅಳು ಅವರವರ ಮನೇಲೇ ಬೇಕಾದಷ್ಟಿದೆ. ನಿನ್ನ ಮಳೆ ಓದಿ ಹೊಸಮನೆ ಬಡಾವಣೆಯ ಒಬ್ಬ ಮೇಷ್ಟ್ರು ಪ್ರೆಸ್ಸಿಗೇ ಬಂದು ಕೈ ಕುಲುಕಿ ಹೋದ್ರು.

ಹಿರಿಯಣ್ಣ ಬಂದಿದ್ದ. ನೀನು ಹೇಳಿದಂಗೆ ಬೈದೆ. ಅವನು ಬಗಲಿನಿಂದ ಪ್ಲಾಸ್ಟಿಕ್ ಕವರ್ ತೆಗೆದ. ಅದರಲ್ಲಿ ನಿನ್ನ ಲೇಖನ ಎಲ್ಲಾ ಕತ್ತರಿಸಿ ಜೋಡಿಸಿ ಇಟ್ಟಿದ್ದಾನೆ ಮಾರಾಯ! ‘ಇದು ಅಬ್ಬಾಸ ಬರೆದಿದ್ದು ಅಲ್ವಾ?’ ಅಂದ. ಹೌದು ಅಂದೆ. ‘ಹಂಗಾದ್ರೆ ಊರಿಗೆಲ್ಲಾ ಹೇಳೋದು ಒಂದು, ನನಗೆ ಹೇಳೋದು ಒಂದಾ? ತಾನು ಉಂಡು ಎದ್ದೋನು ಊಟ ಚೆನ್ನಾಗಿಲ್ಲ ಅಂದ್ರೆ ಹಸಿದೋನು ನಂಬ್ತಾನಾ?’ ಅಂದ.

ಆದರೆ ಅವನು ಪೆದ್ದನಲ್ಲ. ವೀಸಾ ನೀನಿರೋ ಓಮನ್ನಿಗೇ, ಕಾಗದ ಪೂರ್ತಿ ಅರಬ್ಬಿ. ಏಜೆಂಟ್ ಫಿಟ್ಟರ್ ಕೆಲಸ ಅಂತಾನೆ. ‘ಗೊತ್ತಿರೋರ ಕೈಲಿ ಓದಿಸಿದ ಮೇಲೇ ಒಪ್ಪೋದು’ ಅಂತ ಹಿರಿಯಣ್ಣ ಪಟ್ಟು ಹಿಡಿದ. ಯಾರ ಹತ್ರ ಓದಿಸೋದು? ಇಬ್ಬರೂ ಬಸ್ಸು ಹತ್ತಿ ಭದ್ರಾವತಿಗೆ, ಓಲ್ಡ್ ಟೌನಿಗೆ, ನಿನ್ನ ಅಮ್ಮನ ಹತ್ರಾನೇ ಹೋದ್ವಿ. ಖಾಜಾಬೀ ಅಮ್ಮ ಕನ್ನಡಕ ಒರೆಸಿ, ತಲೆ ಮೇಲೆ ಸೆರಗು ಹೊದ್ದು, ಬಲಗಡೆಯಿಂದ ಶುರುಮಾಡಿ ರಾಗವಾಗಿ ಓದಿದ್ರು ನೋಡು! ನಾವು ಚಪ್ಪಲಿ ಬಿಟ್ಟು ಚಾಪೆ ಮೇಲೆ ಕೈಕಟ್ಟಿ ಕೂತಿದ್ವಿ. ಮುಗಿಸಿ ಕಾಗದ ಕಣ್ಣಿಗೊತ್ತಿಕೊಂಡು ‘ಅಲ್ಲಾ ಒಳ್ಳೇದು ಮಾಡ್ಲಿ ಬೇಟಾ’ ಅಂದ್ರು. ಹಿರಿಯಣ್ಣ ಕಾಲಿಗೆ ಬಿದ್ದ. ಮನೆ ಅಡವಿಟ್ಟಿದ್ದಾನೆ. ಇನ್ನೇನು ಈ ತಿಂಗಳಲ್ಲೇ ಹೊರಡ್ತಾನೆ.

ನೀನು ಮುಖ ಗಂಟುಹಾಕಿಕೊಳ್ಳಬೇಡ. ಅವನು ಬಂದ ಮೇಲೆ ಒಂದು ಬಿರಿಯಾನಿ ತಿನ್ನಿಸು.

ಇಂತಿ, ನಿನ್ನ ಬಾಲ ಕತ್ತರಿಸುವ
ರುದ್ರೇಶ್

*

ಸಲಾಲ
28 ಸೆಪ್ಟೆಂಬರ್ 1996

ರುದ್ರೇಶ,

ಏನು ಮಾಡಿಬಿಟ್ರೋ ನೀವು! ಅಮ್ಮನಿಗೆ ಅರಬ್ಬಿ ಬರಲ್ಲ ಕಣೋ. ಅಕ್ಷರ ಬರುತ್ತೆ, ಅರ್ಥ ಬರಲ್ಲ. ಚಿಕ್ಕಂದಿನಲ್ಲಿ ಮದರಸದಲ್ಲಿ ಉಚ್ಚಾರ ಕಲಿಸಿದ್ರು, ಕಲಿತಳು. ಅರವತ್ತು ವರ್ಷದಿಂದ ಓದ್ತಿದ್ದಾಳೆ, ಒಂದು ಸಾಲಿಗೂ ಅರ್ಥ ಹೇಳಲಾರಳು. ನೀನು ಮಠದಲ್ಲಿ ಕೂತು ರುದ್ರ ಹೇಳ್ತೀಯಲ್ಲ, ಅರ್ಥ ಹೇಳು ನೋಡೋಣ? ಅಷ್ಟೇ ಅದು. ಅದೂ ಖುರಾನಿನ ಅಕ್ಷರಕ್ಕೆ ಮೇಲೆ ಕೆಳಗೆ ಸ್ವರದ ಗುರುತು ಇರುತ್ತೆ, ಹಿಡಿದುಕೊಂಡು ಓದಬಹುದು. ವೀಸಾ ಕಾಗದದಲ್ಲಿ ಆ ಗುರುತು ಇರಲ್ಲ. ಅವಳು ಅಂದಾಜಿನ ಮೇಲೆ ಓದಿರ್ತಾಳೆ. ನೀವು ಕೈಕಟ್ಟಿ ಕೂತು ಕೇಳಿದ್ದೀರಿ.

ಗೊತ್ತಿಲ್ಲ ಅಂತ ಯಾಕೆ ಹೇಳಲಿಲ್ಲ ಅಂತ ನಾನೇ ರಾತ್ರಿಯೆಲ್ಲಾ ಯೋಚಿಸಿದೆ. ಯಾರು ಕೇಳಿದ್ರಿ ಅವಳನ್ನ, ‘ಅಮ್ಮಾ, ಇದರ ಅರ್ಥ ಏನು?’ ಅಂತ? ನೀವು ಓದಿ ಅಂದ್ರಿ, ಓದಿದಳು. ಜೀವಮಾನದಲ್ಲಿ ಇಬ್ಬರು ಗಂಡಸರು ಅವಳ ಮುಂದೆ ಕಾಗದ ಹಿಡಿದು ಓದಿ ಅಂತ ಕೂತಿದ್ದು ಅದೇ ಮೊದಲು. ನನ್ನ ಅಪ್ಪ ರೇಷನ್ ಕಾರ್ಡ್ ಕೂಡ ಅವಳ ಕೈಗೆ ಕೊಟ್ಟವನಲ್ಲ. ಆ ದಿನ ಅವಳಿಗೆ ಎಷ್ಟು ಹಿಗ್ಗಾಗಿರಬೇಕು ಅಂತ ನೆನೆದರೆ ನನಗೆ ಸಿಟ್ಟೂ ಮಾಡೋಕಾಗ್ತಿಲ್ಲ.

ನಿನ್ನ ಪ್ರೆಸ್ಸಿಗೆ ಫೋನ್ ಮಾಡಿದ್ದೆ. ಅಚ್ಚಿನ ಮೊಳೆ ಜೋಡಿಸೋ ಶಿವಮೂರ್ತಪ್ಪ ಎತ್ತಿ ‘ಯಜಮಾನ್ರು ಇಲ್ಲ’ ಅಂತ ಇಟ್ಟ. ಆಮೇಲೆ ಲೈನೇ ಸಿಗಲಿಲ್ಲ. ಹಿರಿಯಣ್ಣನ್ನ ಹೊರಡೋಕೆ ಬಿಡಬೇಡ. ಬಸ್‌ಸ್ಟ್ಯಾಂಡಲ್ಲಿ ಮಲಗಿ ಅಡ್ಡ ಹಾಕು. ವೀಸಾದ ಜೆರಾಕ್ಸ್ ಇದ್ರೆ ಇವತ್ತೇ ಪೋಸ್ಟ್ ಮಾಡು.

ಅಬ್ಬಾಸ್

*

ಶಿವಮೊಗ್ಗ
15 ಅಕ್ಟೋಬರ್ 1996

ಅಬ್ಬಾಸ,

ನಿನ್ನ ಕಾಗದ ಕೈಗೆ ಬಂದಾಗ ಹಿರಿಯಣ್ಣ ಹೊರಟು ಎರಡು ವಾರದ ಮೇಲಾಗಿತ್ತು. ಬಾಂಬೆ ಬಸ್ಸಿಗೆ ನಾನೇ ಹತ್ತಿಸಿದೆ. ಅವನ ಹೆಂಡತಿ ವೇದಾವತಿ ಅಳಲಿಲ್ಲ, ಮಕ್ಕಳಿಗೂ ಅಳಬೇಡಿ ಅಂದಳು. ಹೊರಡೋವಾಗ ಅಳಬಾರದಂತೆ. ಅವನು ಕಿಟಕಿಯಿಂದ ಕೈ ಹೊರಗೆ ಹಾಕಿ ‘ಇಬ್ಬರೂ ಸೇರಿ ಆ ಗುಡ್ಡ ನೋಡ್ತೀವಿ, ಫೋಟೋ ಕಳಿಸ್ತೀವಿ’ ಅಂದ.

ಜೆರಾಕ್ಸ್ ಇಟ್ಟಿದ್ದೀನಿ. ಮಸುಕಾಗಿದೆ. ಏಜೆಂಟನ್ನ ಕೇಳಿದೆ. ‘ಫಿಟ್ಟರ್ ಸಾರ್, ನೂರಕ್ಕೆ ನೂರು’ ಅಂತ ಟೀ ತರಿಸಿದ.

ನೀನು ನನ್ನ ಮೇಲೆ ಕೂಗಾಡ್ತಿದ್ದೀಯ. ಕೂಗಾಡು. ಆದರೆ ಒಂದು ಮಾತು ನಾನೂ ಹೇಳ್ತೀನಿ. ಬಾಲ ಕತ್ತರಿಸಿದ್ದು ನಾನು, ನಿಜ. ತಲೆ ಬರೆದವನು ನೀನು. ಅವನು ಕವರಲ್ಲಿ ಇಟ್ಟುಕೊಂಡು ಹೋಗಿದ್ದು ನನ್ನ ಸಂಪಾದಕೀಯ ಅಲ್ಲ. ಮಳೆ ಹಂಗೆ ಬರೀ ಅಂತ ನಾನೇನು ನಿನಗೆ ಹೇಳಿಕೊಟ್ಟಿರಲಿಲ್ಲ.

ಏನೂ ಆಗಿರಲ್ಲ ಬಿಡು. ಅವನೇ ನಿನ್ನ ಕ್ಯಾಂಪಿಗೆ ಬಂದು ನಿಂತಿರ್ತಾನೆ, ನಾವಿಲ್ಲಿ ಸುಮ್ಮನೆ ಕಿತ್ತಾಡ್ತಿದ್ದೀವಿ.

ರುದ್ರೇಶ್

*

ಸಲಾಲ
2 ನವೆಂಬರ್ 1996

ರುದ್ರೇಶ,

ಬಂದು ನಿಂತಿಲ್ಲ.

ನೀನು ಕಳಿಸಿದ ಜೆರಾಕ್ಸನ್ನು ನಮ್ಮ ಆಫೀಸಿನ ಈಜಿಪ್ಟಿನವನ ಕೈಗೆ ಕೊಟ್ಟೆ. ಉದ್ಯೋಗ ಅಂತ ಇರೋ ಕಡೆ ಒಂದು ಪುಟ್ಟ ಪದ. ‘ರಾಈ’. ಅವನು ಕಾಗದ ನೋಡಿ ನನ್ನ ಮುಖ ನೋಡಿದ. ಕುರಿ ಮೇಯಿಸೋನು ಅಂತ ಅರ್ಥ. ಯಜಮಾನನ ಹೆಸರಿದೆ, ಪ್ರಾಂತ್ಯ ಈ ಸಲಾಲದ್ದೇ, ಊರಿನ ಜಾಗದಲ್ಲಿ ಮಸಿ. ಗುಡ್ಡದಾಚೆ ಬೆಂಗಾಡಿನಲ್ಲಿ ಎಲ್ಲಿ ಅಂತ ಹುಡುಕಲಿ? ಅಲ್ಲಿ ಊರಿಲ್ಲ, ರಸ್ತೆಯಿಲ್ಲ. ಮೇವು ಇರೋ ಕಡೆ ಡೇರೆ ಕಿತ್ತುಕೊಂಡು ಹೋಗ್ತಾರೆ.

ನೀನು ಹೇಳಿದ್ದು ಸರಿ, ತಲೆ ಬರೆದವನು ನಾನು. ಯಾಕೆ ಹಂಗೆ ಬರೆದೆ ಅಂತ ಹೇಳ್ತೀನಿ ಕೇಳು. ಊರು ಬಿಟ್ಟು ಬಂದವನಿಗೆ ಸೋತೆ ಅಂತ ಬರೆಯೋಕೆ ಕೈ ಬರಲ್ಲ. ಇಲ್ಲಿ ನಮ್ಮ ರೂಮಿನಲ್ಲಿರೋರು ಕಾಗದ ಬರೆಯೋದು ನೋಡಬೇಕು ನೀನು. ಬೆಳಿಗ್ಗೆ ಫೋರ್‌ಮನ್ ಕೈಲಿ ಕಪಾಳಕ್ಕೆ ತಿಂದವನು ಸಂಜೆ ಕೂತು ‘ನಾನಿಲ್ಲಿ ಅರಾಮ’ ಅಂತ ಬರೀತಾನೆ. ಎಲ್ಲರೂ ಹಂಗೇ ಬರೀತಾರೆ. ನಾನು ಸ್ವಲ್ಪ ಚೆನ್ನಾಗಿ ಬರೆದೆ, ನೀನು ಅಚ್ಚು ಹಾಕಿದೆ. ಅವರ ಸುಳ್ಳು ಒಂದು ಮನೆಗೆ ಹೋಗುತ್ತೆ. ನನ್ನದು ಜಿಲ್ಲೆಗೆಲ್ಲಾ ಹೋಯ್ತು.

ಇನ್ನು ನನ್ನಿಂದ ನಿನ್ನ ಪತ್ರಿಕೆಗೆ ಒಂದಕ್ಷರವೂ ಬರಲ್ಲ. ಕೇಳಬೇಡ.

ಕುರಿ ವಿಷಯ ವೇದಾವತಿಗೆ ಹೇಳಬೇಡ. ಅಮ್ಮನಿಗಂತೂ ಹೇಳಲೇಬೇಡ. ತಾನು ಓದಿದ್ದು ಏನು ಅಂತ ಗೊತ್ತಾದ್ರೆ ಅವಳು ಮತ್ತೆ ಖುರಾನ್ ಮುಟ್ಟಲ್ಲ.

ಅಬ್ಬಾಸ್

*

ಓಲ್ಡ್ ಟೌನ್, ಭದ್ರಾವತಿ
5 ಡಿಸೆಂಬರ್ 1996

ಅಬ್ಬಾಸಣ್ಣನಿಗೆ ವೇದಾವತಿ ಮಾಡುವ ನಮಸ್ಕಾರ.

ನಿಮಗೆ ನಾನು ಯಾವತ್ತೂ ಕಾಗದ ಬರೆದವಳಲ್ಲ. ಬರೆಯೋಕೆ ಧೈರ್ಯವೂ ಇರಲಿಲ್ಲ, ನೀವು ಪೇಪರಿಗೆ ಬರೆಯೋರು. ತಪ್ಪಿದ್ರೆ ನಗಬೇಡಿ.

ನಮ್ಮನೆಯವರು ಹೋಗಿ ಎರಡು ತಿಂಗಳಾಯ್ತು. ಬಾಂಬೆಯಿಂದ ಒಂದು ಕಾರ್ಡ್ ಬಂತು. ಆಮೇಲೆ ಇಲ್ಲ. ಏಜೆಂಟ್ ಆಫೀಸಿಗೆ ನಾನೇ ಹೋಗಿ ಕೂತಿದ್ದೆ. ‘ಹೊಸದರಲ್ಲಿ ಹಂಗೇ ಕಣಮ್ಮ, ಟೈಮ್ ಸಿಗಲ್ಲ’ ಅಂದ. ಒಂದು ಕಾರ್ಡ್ ಬರೆಯೋಕೂ ಟೈಮ್ ಸಿಗದಷ್ಟು ಕೆಲಸ ಯಾವುದಣ್ಣ? ಇಲ್ಲಿ ಎರಡು ಪಾಳಿ ಮಾಡಿ ಬಂದ್ರೂ ಮಗಳು ಸೌಂದರ್ಯಳಿಗೆ ಲೆಕ್ಕ ಹೇಳಿಕೊಡ್ತಿದ್ರು.

ರುದ್ರೇಶಣ್ಣನ್ನ ಕೇಳಿದ್ರೆ ಕಣ್ಣು ತಪ್ಪಿಸ್ತಾರೆ. ನಿಮ್ಮ ಲೇಖನ ಬರೋದೂ ನಿಂತಿದೆ. ಎರಡೂ ಒಟ್ಟಿಗೆ ನಿಂತಿದ್ದು ನೋಡಿ ನನಗೆ ಭಯ ಆಗಿದೆ. ಏನೋ ಇದೆ, ನನ್ನೊಬ್ಬಳಿಗೆ ಹೇಳ್ತಿಲ್ಲ ನೀವೆಲ್ಲಾ. ಇಲ್ಲಿ ಜನ ಬಾಯಿಗೆ ಬಂದಂಗೆ ಆಡ್ತಾರೆ. ಅಲ್ಲೇ ಇನ್ನೊಬ್ಬಳನ್ನ ಕಟ್ಟಿಕೊಂಡಿರಬೇಕು ಅಂತ ಬೀದಿ ನಲ್ಲಿ ಹತ್ರ ನನ್ನ ಎದುರಿಗೇ ಅಂದ್ರು. ಕೊಡ ಅಲ್ಲೇ ಇಟ್ಟು ಬಂದೆ.

ಖಾಜಾಬೀ ಅಮ್ಮ ದಿನಾ ಸಂಜೆ ಬಂದು ಕೂರ್ತಾರೆ. ‘ನಾನು ಓದಿದೆನಲ್ಲಮ್ಮ, ಕಾಗದ ಚೆನ್ನಾಗಿತ್ತು’ ಅಂತ ಅವರಾಗೇ ಹೇಳ್ತಾರೆ. ಊಟ ಸರಿಯಾಗಿ ಮಾಡ್ತಿಲ್ಲ. ಮೊನ್ನೆ ನನ್ನ ಕೈ ಹಿಡಿದು ಅತ್ತರು.

ನೀವು ಬರೆದಿದ್ದು ಓದಿ ನಮ್ಮನೆಯವರು ಹೋದ್ರು. ನಿಮ್ಮನ್ನ ದೂರ್ತಿಲ್ಲ. ಆದರೆ ನಾನು ಕೇಳೋಕೆ ಇನ್ನು ಯಾರೂ ಇಲ್ಲ. ಅವರು ಬದುಕಿದ್ದಾರಾ ಇಲ್ವಾ, ಅಷ್ಟು ಬರೀರಿ. ಏನಿದ್ರೂ ನಾನು ತಡ್ಕೊಳ್ತೀನಿ.

ನಿಮ್ಮ ತಂಗಿ
ವೇದಾವತಿ

*

ಸಲಾಲ
20 ಫೆಬ್ರವರಿ 1997

ರುದ್ರೇಶ,

ಸಿಕ್ಕಿದ. ಬದುಕಿದ್ದಾನೆ. ಮೊದಲು ಅಷ್ಟು ತಿಳ್ಕೋ, ಆಮೇಲೆ ಮಿಕ್ಕಿದ್ದು ಓದು.

ಪ್ರತಿ ಶುಕ್ರವಾರ ಗುಡ್ಡ ದಾಟಿ ಥುಮ್ರೈತ್ ಅನ್ನೋ ಊರಿನ ಪೆಟ್ರೋಲ್ ಬಂಕಿನಲ್ಲಿ ನಿಂತು ಹೋಗೋ ಬರೋ ಲಾರಿಯವರನ್ನೆಲ್ಲಾ ಕೇಳ್ತಿದ್ದೆ. ಕೊನೆಗೆ ನೀರಿನ ಟ್ಯಾಂಕರ್ ಓಡಿಸೋ ಒಬ್ಬ ಪೇಶಾವರದವನು ಹೇಳಿದ, ‘ಒಬ್ಬ ಹಿಂದೂಸ್ತಾನಿ ಇದ್ದಾನೆ. ಹಿಂದಿ ಮಾತಾಡಲ್ಲ. ಆಡುಗಳ ಹತ್ರ ಅದೇನೋ ಭಾಷೇಲಿ ಮಾತಾಡ್ತಿರ್ತಾನೆ’ ಅಂತ. ಅವನ ಟ್ಯಾಂಕರಲ್ಲೇ ಹೋದೆ. ಎಷ್ಟು ಹೋದರೂ ಒಂದೇ ಬಣ್ಣ. ಅದರ ಬಗ್ಗೆ ಬರೆಯೋಕೆ ಏನೂ ಇಲ್ಲ ರುದ್ರೇಶ, ನಾನು ಎಷ್ಟೇ ಜಾಣ ಆದ್ರೂ.

ಒಂದು ಹರಿದ ಡೇರೆ, ತಂತಿ ಬೇಲಿ, ಆಡು, ನಾಲ್ಕಾರು ಒಂಟೆ. ಗಡ್ಡ ಬಿಟ್ಟ ಒಬ್ಬ ಮುದುಕ ಬಕೆಟ್ ಹಿಡಿದು ಬಂದ. ‘ಹಿರಿಯಣ್ಣ ಅನ್ನೋರು’ ಅಂತ ಕೇಳೋಕೆ ಹೋದೆ, ಆಮೇಲೆ ನೋಡಿದ್ರೆ ಅವನೇ. ನಮ್ಮ ವಯಸ್ಸಿನವನು ಕಣೋ. ಎಡಗಣ್ಣು ಪೂರ್ತಿ ಬೆಳ್ಳಗಾಗಿದೆ. ಮರಳು ಹೊಕ್ಕು ಕೀವಾಗಿತ್ತಂತೆ, ಯಾರೂ ತೋರಿಸಲಿಲ್ಲ. ಲೇತ್ ಮೇಲೆ ಕೂತರೆ ಕೂದಲೆಳೆ ವ್ಯತ್ಯಾಸ ಕಣ್ಣಲ್ಲೇ ಹೇಳ್ತಿದ್ದವನು. ನಾನು ಕನ್ನಡದಲ್ಲಿ ಮಾತಾಡಿಸಿದೆ. ನನ್ನ ಬಾಯನ್ನೇ ನೋಡಿದ. ಆಮೇಲೆ ಹತ್ತಿರ ಬಂದು ನನ್ನ ಅಂಗಿ ಮುಟ್ಟಿ ನೋಡಿದ. ಅವನು ಕೇಳಿದ ಮೊದಲ ಮಾತು ಏನು ಗೊತ್ತಾ? ‘ಮಳೆ ಬರುತ್ತೆ ಅಂತ ಬರೆದಿದ್ದೆಯಲ್ಲ ಅಬ್ಬಾಸ, ಅದು ಯಾವ ಕಡೆ?’ ವ್ಯಂಗ್ಯ ಅಲ್ಲ. ನಿಜವಾಗಿ ಕೇಳಿದ. ನಾನು ದಕ್ಷಿಣದ ಕಡೆ ಕೈ ತೋರಿಸಿದೆ. ಅವನು ಆ ಕಡೆ ತಿರುಗಿ ನೋಡಿದ.

ಕರ್ಕೊಂಡು ಬರೋಕೆ ಆಗಲ್ವಾ ಅಂತ ನೀನು ಕೇಳ್ತೀಯ. ಯಜಮಾನನ ಮನೆಗೂ ಹೋಗಿದ್ದೆ. ಮುದುಕ, ಖರ್ಜೂರ ಕಾಫಿ ಕೊಟ್ಟು ಕೂರಿಸಿದ. ‘ನಾನು ಕುರಿ ಕಾಯೋನು ಬೇಕು ಅಂದೆ, ಕುರಿ ಕಾಯೋನು ಅಂತ ಕಾಗದದಲ್ಲಿ ಬರೆದೆ. ನಾನು ಯಾರಿಗೆ ಸುಳ್ಳು ಹೇಳಿದೆ?’ ಅಂದ. ಹೌದಲ್ಲ, ಅವನು ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದೋರೆಲ್ಲಾ ನಮ್ಮ ಊರಿನೋರು. ಎರಡು ವರ್ಷ ಮುಗಿಯೋ ತನಕ ಪಾಸ್‌ಪೋರ್ಟ್ ಕೊಡಲ್ಲ. ಓಡಿ ಬಂದ್ರೆ ಜೈಲು.

ಅದಿರಲಿ, ಹಿರಿಯಣ್ಣನೇ ಬರಲ್ಲ ಅಂತಾನೆ. ‘ಮನೆ ಅಡವಿಟ್ಟು ಬಂದಿದ್ದೀನಿ. ಕಡಲು ದಾಟಿ ಹೋಗಿ ಕುರಿ ಕಾದು ಬಂದ ಅಂತ ಓಲ್ಡ್ ಟೌನಲ್ಲಿ ಆಡ್ಕೊಂಡು ನಗ್ತಾರೆ. ನನ್ನ ಮಗಳನ್ನ ಯಾರು ತಗೋತಾರೆ?’ ಅಂದ. ನಾನು ಏನೇನೋ ಹೇಳಿದೆ. ಕೇಳಿಸಿಕೊಂಡ ಹಾಗೇ ಇರಲಿಲ್ಲ. ಕೊನೆಗೆ ನನ್ನ ಕೈ ಹಿಡಿದ. ‘ವೇದಾಗೆ ನೀನೇ ಒಂದು ಕಾಗದ ಬರಿ. ಚೆನ್ನಾಗಿದ್ದೀನಿ ಅಂತ ಬರಿ. ನಾನು ಬರೆದ್ರೆ ಅವಳಿಗೆ ಗೊತ್ತಾಗಿಬಿಡುತ್ತೆ. ನೀನು ಬರೆದ್ರೆ ನಂಬ್ತಾಳೆ, ನೀನು ಚೆನ್ನಾಗಿ ಬರೀತೀಯ’ ಅಂದ. ಆಗಲ್ಲ ಅಂದೆ. ಬರೆಯೋದು ಬಿಟ್ಟಿದ್ದೀನಿ ಅಂದೆ. ಅವನು ಆ ಮರಳಿನ ಮೇಲೆ ನನ್ನ ಕಾಲಿಗೆ ಬೀಳೋಕೆ ಬಗ್ಗಿದ ಕಣೋ. ಒಟ್ಟಿಗೆ ಬೆಂಚಿನ ಮೇಲೆ ಕೂತು ಬುತ್ತಿ ಹಂಚಿಕೊಂಡು ತಿಂದವನು. ಊರಲ್ಲಿ ಯಾರಿಗೂ ನಿಜ ಹೇಳಬಾರದು ಅಂತ ನಮ್ಮ ಅಮ್ಮನ ಮೇಲೆ ಆಣೆ ಹಾಕಿಸಿಕೊಂಡ. ನನ್ನ ಕೈಲೂ, ನನ್ನ ಮೂಲಕ ನಿನ್ನ ಕೈಲೂ.

ಬರೆದಿದ್ದೀನಿ. ಜೊತೆಗೆ ಇಟ್ಟಿದ್ದೀನಿ. ನೀನೇ ಹೋಗಿ ವೇದಾವತಿ ಕೈಗೆ ಕೊಡು. ಬರೀತಾ ಬರೀತಾ ನನಗೆ ನನ್ನ ಮೇಲೇ ಹೇಸಿಗೆ ಆಯ್ತು, ಯಾಕೆ ಅಂದ್ರೆ ತೊದಲದೆ ಬಂತು. ಮೂರೂವರೆ ತಿಂಗಳು ಲೇಖನಕ್ಕೆ ಅಂತ ಪೆನ್ನು ಮುಟ್ಟದೆ ಇದ್ದರೂ ಒಂದು ಕಾಟು ಹೊಡೆಯೋ ಕೆಲಸ ಬೀಳಲಿಲ್ಲ.

ಅಬ್ಬಾಸ್

*

ಸಲಾಲ
20 ಫೆಬ್ರವರಿ 1997

ತಂಗಿ ವೇದಾವತಿಗೆ ಅಬ್ಬಾಸಣ್ಣನ ಆಶೀರ್ವಾದ.

ನಿನ್ನ ಕಾಗದಕ್ಕೆ ಉತ್ತರ ತಡವಾಯ್ತಮ್ಮ. ಬರೀ ಸಮಾಧಾನ ಹೇಳೋ ಬದಲು ಕಣ್ಣಾರೆ ನೋಡಿಯೇ ಬರೆಯೋಣ ಅಂತ ಕಾದೆ. ಹಿರಿಯಣ್ಣನ ಭೇಟಿ ಆಯ್ತು. ಚೆನ್ನಾಗಿದ್ದಾನೆ.

ಅವನ ಕೆಲಸ ಇರೋದು ಊರಿಂದ ದೂರ, ಹೊಸದಾಗಿ ಶುರುವಾದ ಜಾಗ. ಪೋಸ್ಟಾಫೀಸೂ ಇಲ್ಲ, ಫೋನೂ ಇಲ್ಲ. ಅದಕ್ಕೇ ಕಾಗದ ಬರಲಿಲ್ಲ. ಸುತ್ತ ಗಲಾಟೆ ಇಲ್ಲ, ಹೊಗೆ ಇಲ್ಲ, ನಮ್ಮ ಶೆಡ್ಡಿನ ಹಾಗೆ ಕಿವಿ ಕಿತ್ತುಹೋಗೋ ಸದ್ದಿಲ್ಲ. ಕೆಲಸ ಕಷ್ಟದ್ದಲ್ಲ, ಮೇಲುಸ್ತುವಾರಿ. ಅವನ ಕೈಕೆಳಗೆ ಒಂದು ದೊಡ್ಡ ಗುಂಪೇ ಇದೆ, ಅವನು ಹೇಳಿದ ಕಡೆ ಹೋಗ್ತಾರೆ, ನಿಲ್ಲು ಅಂದ್ರೆ ನಿಲ್ತಾರೆ. ಯಜಮಾನ ವಯಸ್ಸಾದ ಮನುಷ್ಯ, ಒಳ್ಳೆಯವನು. ನನಗೂ ಕಾಫಿ ಕೊಟ್ಟ.

ಹಾಲಿಗೆ ಕೊರತೆ ಇಲ್ಲ. ಬಿಸಿಲಿಗೆ ಸ್ವಲ್ಪ ಕಪ್ಪಾಗಿದ್ದಾನೆ, ಗಡ್ಡ ಬಿಟ್ಟಿದ್ದಾನೆ. ನಾನು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡ್ರೆ ಸಿನಿಮಾದೋರ ಹಾಗೆ ಕಾಣ್ತಾನೆ, ನೀನು ನೋಡಿದ್ರೆ ನಗ್ತಿದ್ದೆ. ಸೌಂದರ್ಯಳ ಲೆಕ್ಕದ ಮಾರ್ಕ್ಸ್ ಎಷ್ಟು ಅಂತ ಕೇಳಿದ. ಎರಡು ವರ್ಷ ಕಣ್ಣು ಮುಚ್ಚಿ ತೆಗೆಯೋದರಲ್ಲಿ ಆಗಿಹೋಗುತ್ತೆ ಅಂದ.

ನಲ್ಲಿ ಹತ್ರ ಮಾತಾಡೋರು ಮಾತಾಡಲಿ. ನೀನು ತಲೆಯೆತ್ತಿ ಕೊಡ ಹಿಡಿದುಕೊಂಡು ಹೋಗು. ಅಮ್ಮನಿಗೆ ಹೇಳು, ಅವಳು ಓದಿದ ಕಾಗದ ಸರಿಯಾಗೇ ಇತ್ತು ಅಂತ.

ನಿನ್ನ ಅಣ್ಣ
ಅಬ್ಬಾಸ್ ಅಲಿ

*

ಓಲ್ಡ್ ಟೌನ್, ಭದ್ರಾವತಿ
28 ಮಾರ್ಚ್ 1997

ಅಬ್ಬಾಸಣ್ಣನಿಗೆ ನಿಮ್ಮ ತಂಗಿ ಮಾಡುವ ನಮಸ್ಕಾರಗಳು.

ರುದ್ರೇಶಣ್ಣ ಬಂದು ಕಾಗದ ಕೊಟ್ರು. ನಿಂತ ನಿಲುವಿನಲ್ಲೇ ಓದಿದೆ, ಆಮೇಲೆ ಕೂತು ಇನ್ನೊಂದು ಸಲ ಓದಿದೆ. ಆಮೇಲೆ ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ. ಎಷ್ಟು ಚೆನ್ನಾಗಿ ಬರೀತೀರಿ ಅಣ್ಣ ನೀವು! ಓದ್ತಾ ಇದ್ರೆ ಅವರು ಕಣ್ಣೆದುರಿಗೇ ಬಂದು ನಿಂತಂಗಾಯ್ತು. ಗಡ್ಡದಲ್ಲಿ ಹೇಗೆ ಕಾಣ್ತಾರೋ ಅಂತ ಮಕ್ಕಳು ಬಿದ್ದು ಬಿದ್ದು ನಕ್ವು. ಖಾಜಾಬೀ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಅವತ್ತು ನಮ್ಮನೇಲೇ ಅಕ್ಕಿರೊಟ್ಟಿ ತಿಂದ್ರು, ಎರಡು ತಿಂದ್ರು.

ನಲ್ಲಿ ಹತ್ರಕ್ಕೂ ಕಾಗದ ತಗೊಂಡೇ ಹೋದೆ. ಯಾರು ಯಾರು ಏನೇನು ಅಂದಿದ್ರೋ ಅವರಿಗೆಲ್ಲಾ ಗಟ್ಟಿಯಾಗಿ ಓದಿ ಹೇಳಿದೆ. ಈಗ ಬಾಯಿ ಮುಚ್ಚಿದ್ದಾರೆ.

ಒಂದು ಸಂತೋಷದ ಸಮಾಚಾರ. ನನ್ನ ತಮ್ಮ ವೆಂಕಟಾಚಲ ಗೊತ್ತಲ್ಲ, ಗ್ಯಾರೇಜಿನಲ್ಲಿ ಇದ್ದವನು. ಹೋದ ವರ್ಷವೇ ಪಾಸ್‌ಪೋರ್ಟ್ ಮಾಡಿಸಿ ಇಟ್ಟುಕೊಂಡಿದ್ದ, ಅಪ್ಪ ಒಪ್ಪಿರಲಿಲ್ಲ. ಭಾವನಿಂದ ಸುದ್ದಿಯೇ ಇಲ್ಲ, ನಿನ್ನ ಹೆಂಗೆ ಕಳಿಸಲಿ ಅಂತಿದ್ರು. ನಿಮ್ಮ ಕಾಗದ ಓದಿದ ಮೇಲೆ ಅಪ್ಪ ಒಪ್ಪಿದ್ರು. ಅದೇ ಏಜೆಂಟ್. ಭಾವ ಇರೋ ಕಡೆಗೇ ಹಾಕಿಸಿ ಅಂತ ನಾನೇ ಹೋಗಿ ಕೇಳಿಕೊಂಡೆ. ದೇವರು ದೊಡ್ಡವನು, ಅದೇ ಯಜಮಾನನ ಹತ್ರ ಇನ್ನೊಂದು ವೀಸಾ ಇತ್ತಂತೆ, ಬೇಗನೇ ಸಿಕ್ತು. ಈ ಸಲ ಯಾರ ಕೈಲೂ ಓದಿಸಲಿಲ್ಲ.

ರುದ್ರೇಶಣ್ಣನಿಗೆ ಮಾತ್ರ ಯಾಕೋ ಮನಸ್ಸಿಲ್ಲ. ಪೇಟೇಲಿ ಸುದ್ದಿ ಕೇಳಿ ಓಡಿ ಬಂದ್ರು. ‘ಬೇಡ ವೇದಾ, ಕಳಿಸಬೇಡ’ ಅಂದ್ರು. ಯಾಕೆ ಅಂತ ನಾನು ಕೇಳಿದೆ, ಅಪ್ಪ ಕೇಳಿದ್ರು. ಕಾರಣ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ರು. ಟೀ ಕೂಡ ಕುಡೀಲಿಲ್ಲ. ನಾವು ಏನಾದ್ರೂ ತಪ್ಪು ಮಾತಾಡಿದ್ವಾ ಅಂತ ನನಗೆ ಬೇಜಾರಾಯ್ತು. ನೀವೇ ಒಂದು ಮಾತು ಬರೆದು ಸಮಾಧಾನ ಮಾಡಿ.

ನಾಳಿದ್ದು ಬಾಂಬೆ ಬಸ್ಸು, ಬುಧವಾರ ವಿಮಾನ. ಇವರಿಗೆ ಅಂತ ಚಟ್ನಿಪುಡಿ, ಮಾವಿನಮಿಡಿ ಉಪ್ಪಿನಕಾಯಿ ಕಟ್ಟಿದ್ದೀನಿ. ಈ ಕಾಗದ ನಿಮ್ಮ ಕೈ ಸೇರೋ ಹೊತ್ತಿಗೆ ವೆಂಕಟಾಚಲ ಅಲ್ಲಿಗೆ ಬಂದಿರ್ತಾನೆ. ಮತ್ತೆ ನೀವು ಇವರನ್ನ ಕಂಡ್ರೆ ಮೊದಲೇ ಹೇಳಿಬಿಡಬೇಡಿ ಅಣ್ಣ. ಅವನು ಇದ್ದಕ್ಕಿದ್ದಂಗೆ ಹೋಗಿ ಎದುರಿಗೆ ನಿಂತು ‘ಭಾವ’ ಅನ್ನಲಿ. ಎಷ್ಟು ಖುಷಿಪಡ್ತಾರೋ ಏನೋ.

ನಿಮ್ಮ ತಂಗಿ
ವೇದಾವತಿ